ಕೈಯಲ್ಲಿ ಮಾಡಿದ ಪೆಟ್ಟಿಗೆ

ಹೊಸಪೇಟೆ
14 ಅಕ್ಟೋಬರ್ 2024

ಪ್ರಿಯ ತುಳಸಿ,

ನಿನ್ನ ಫೋನು ನನ್ನ ಕರೆಗಳನ್ನು ಒಪ್ಪದೆ ವರ್ಷ ದಾಟಿತು. ಆದ್ದರಿಂದ ಈ ಕಾಗದ. ಬುಕ್ಕಸಾಗರದಲ್ಲಿ ಮುದುಕಪ್ಪನವರ ಮನೆ ಎಂದು ಬರೆದರೆ ಅಂಚೆಯವರಿಗೆ ಸಾಕು ಎಂದು ನೀನೇ ಒಮ್ಮೆ ಹೇಳಿದ್ದೆ. ನಿನ್ನ ತಂದೆಯವರ ಹೆಸರಿನ ಮೇಲೆ ನಿನ್ನ ಹೆಸರನ್ನು ಬರೆದಿದ್ದೇನೆ. ನೀನು ಏಕೆ ದೂರವಾದೆ ಎಂದು ಕೇಳುವುದು ಈ ಪತ್ರದ ಉದ್ದೇಶವಲ್ಲ. ಕೆಲಸದ ವಿಷಯವಿದೆ.

ಅಪ್ಪ ಸಂಡೂರು ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಗೋಡೆಗಳು ಎದ್ದಿವೆ, ಪ್ಲಾಸ್ಟರ್ ಆಗಿಲ್ಲ. ದೀಪ, ಫ್ಯಾನು, ನೀರಿನ ಮೋಟಾರು, ಗೇಟು ಎಲ್ಲವೂ ತಾವಾಗಿಯೇ ನಡೆಯುವ ಮನೆ ಬೇಕೆಂದು ಅಣ್ಣ ಮಧ್ವೇಶ ಹಟ ಹಿಡಿದು, ಯಾವುದೋ ಕಂಪನಿಯ ಬಣ್ಣದ ಪುಸ್ತಿಕೆಯನ್ನು ತಂದು ಅಪ್ಪನ ಮುಂದೆ ಇಟ್ಟಿದ್ದಾನೆ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಮ್ಮ ಅಡುಗೆಮನೆಯ ದೀಪ ಹೊತ್ತಬೇಕಾದರೆ ಅಪ್ಪಣೆ ಎಲ್ಲಿಯೋ ಇರುವ ಅವರ ಸರ್ವರ್‌ಗೆ ಹೋಗಿ ಹಿಂದಿರುಗಬೇಕು. ನೆಟ್‌ವರ್ಕ್ ಹೋದ ದಿನ ಮನೆಗೆ ಮಂಕು ಕವಿಯುತ್ತದೆ. ಅವರ ಸ್ವಿಚ್ಚು ಅವರ ಪೆಟ್ಟಿಗೆಯ ಮಾತನ್ನು ಮಾತ್ರ ಕೇಳುತ್ತದೆ; ಪೆಟ್ಟಿಗೆಯ ಸ್ಕ್ರೂ ಸಡಿಲಿಸಿದರೂ ವಾರಂಟಿ ರದ್ದು. ಒಟ್ಟಿನಲ್ಲಿ ಮನೆ ನಮ್ಮದು, ಅದರ ಬುದ್ಧಿ ಮಾತ್ರ ಬಾಡಿಗೆಯದು.

ನಾವು ಎಂ.ಎಸ್ಸಿ. ಕಡೆಯ ವರ್ಷದ ಪ್ರಾಜೆಕ್ಟಿಗೆ ಮಾಡಿದ ವ್ಯವಸ್ಥೆಗೆ ಈ ಯಾವ ಕೊರತೆಯೂ ಇರಲಿಲ್ಲ. ಮೆಟ್ಟಿಲ ಕೆಳಗೆ ಅಂಗೈಯಗಲದ ಒಂದು ಕಂಪ್ಯೂಟರು, ಪ್ರತಿ ಸ್ವಿಚ್‌ಬೋರ್ಡಿನ ಹಿಂದೆ ಅದರ ಅಪ್ಪಣೆಯಂತೆ ದೀಪ ಹೊತ್ತಿಸುವ, ನಾವೇ ಕೂರಿಸಿದ ರಿಲೇ, ಯಾರಾದರೂ ಬಿಚ್ಚಿ ನೋಡಬಹುದಾದ ಪ್ರೋಗ್ರಾಮು. ಪ್ರತಿ ಬೋರ್ಡಿಗೂ ನ್ಯೂಟ್ರಲ್ ತಂತಿ ಎಳೆಯಬೇಕು. ಅದು ಪ್ಲಾಸ್ಟರಿಗೆ ಮೊದಲೇ ಆಗಬೇಕು. ಎಲೆಕ್ಟ್ರಿಷಿಯನ್ ಹುಲಿಗೇಶನಿಗೆ ಹೇಳಿಟ್ಟಿದ್ದೇನೆ. ಮನೆಗೇ ಬುದ್ಧಿ ಬಂದರೆ ತನ್ನಂಥವರ ಗತಿಯೇನು ಎಂದು ನಗುತ್ತಾನೆ, ಆದರೆ ಎಳೆಯುತ್ತಾನೆ.

ನನ್ನ ಆಲೋಚನೆ ಇದು. ಈ ಮನೆ ನಮ್ಮ ಮೊದಲ ಕೆಲಸವಾಗಲಿ. ಇದನ್ನು ತೋರಿಸಿ ಹಂಪಿಯ ಸುತ್ತಲಿನ ಹೋಂಸ್ಟೇಗಳು, ಸಂಡೂರಿನ ಬಂಗಲೆಗಳು, ಕಂಪ್ಲಿಯ ರೈಸ್‌ಮಿಲ್ಲಿನವರ ಮನೆಗಳು, ಎಲ್ಲಿಗೆ ಬೇಕಾದರೂ ಹೋಗಬಹುದು. ಪ್ರೋಗ್ರಾಮು ನಾನು, ಸರ್ಕ್ಯೂಟ್ ಬೋರ್ಡು ನೀನು, ಮೊದಲಿನಂತೆಯೇ. ಸೋದರತ್ತೆ ಇಂದಿರಾಬಾಯಿಯವರಿಗಾಗಿ ನಾವು ಮಾಡಿದ ಪೆಟ್ಟಿಗೆ ನೆನಪಿದೆಯಷ್ಟೆ? ಮಡಿಯುಟ್ಟ ಮೇಲೆ ಅವರು ಸ್ವಿಚ್ಚು ಮುಟ್ಟುವುದಿಲ್ಲ. ಮೋಟಾರು ಹಾಕಿರೆಂದು ಒಳಗಿನಿಂದ ಕೂಗಬೇಕು, ನಮ್ಮಲ್ಲಿ ಯಾರಾದರೂ ಓಡಬೇಕು. ಮುಟ್ಟದೆ, ಎದುರಿಗೆ ಕೈ ಬೀಸಿದರೆ ನೀರು ಬರುವಂತೆ ಮಾಡಿದವರು ನಾವು. ಯಾವ ಕಂಪನಿಗೆ ಅದು ಹೊಳೆದೀತು? ನೀನು ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕುಳಿತು ಸೋಲ್ಡರಿಂಗ್ ಮಾಡುತ್ತಿದ್ದೆ, ನಾನು ಒಳಗೆ ತಂತಿ ಜೋಡಿಸುತ್ತಿದ್ದೆ. ನಿನಗೆ ಯಾವಾಗಲೂ ಜಗಲಿಯ ಗಾಳಿಯೇ ಇಷ್ಟ.

ವೈವಾ ಪರೀಕ್ಷೆಯ ದಿನದ ಬಗ್ಗೆ ಒಂದೇ ಮಾತು. ಪ್ರಾಜೆಕ್ಟಿನ ಭಾಗವಾಗಿದ್ದ ಆ ಪೆಟ್ಟಿಗೆ ಕೆಲಸ ಮಾಡಲಿಲ್ಲ; ಕಾರಣವೇನೆಂದು ಪರೀಕ್ಷಕರು ಕೇಳಿದರು; ನಾನು ಕಂಡದ್ದನ್ನು ಹೇಳಿದೆ. ಬೋರ್ಡಿನ ಮೇಲೆ ಬಿಳಿಯ ಪೊರೆ ಇತ್ತು. ಸೋಲ್ಡರ್ ಪೇಸ್ಟನ್ನು ಸರಿಯಾಗಿ ಒರೆಸದಿದ್ದರೆ ಅದು ಉಳಿಯುತ್ತದೆ. ಸೋಲ್ಡರಿಂಗ್ ನನ್ನ ಭಾಗವಲ್ಲ ಎಂದೂ ಹೇಳಿದೆ, ಏಕೆಂದರೆ ಅದು ನಿಜ. ವಿಜ್ಞಾನ ಓದಿದವರು ಇಂಥದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನವೆಂಬರ್ ಕೊನೆಯಲ್ಲಿ ಅಪ್ಪ ತೀರ್ಮಾನಿಸುತ್ತಾರೆ. ಆ ದಿನ ನೀನು ನನ್ನ ಪಕ್ಕದಲ್ಲಿ ಇರಬೇಕು.

ನಿನ್ನ,
ಮಾಧವಿ

*

ಹೊಸಪೇಟೆ
6 ನವೆಂಬರ್ 2024

ಪ್ರಿಯ ತುಳಸಿ,

ದೀಪಾವಳಿಯೂ ಮುಗಿಯಿತು. ನಿನ್ನ ಉತ್ತರವಿಲ್ಲ.

ಭಾನುವಾರ ಸ್ಕೂಟರ್ ತೆಗೆದುಕೊಂಡು ಬುಕ್ಕಸಾಗರಕ್ಕೆ ಹೋಗಿದ್ದೆ. ಗದ್ದೆಗಳು ತೆನೆ ಬಾಗಿ ನಿಂತಿವೆ. ದಾರಿಯುದ್ದಕ್ಕೂ ಕೊಯ್ಲಿನ ಯಂತ್ರಗಳನ್ನು ದಾಟಲು ಸಾಕಾಯಿತು. ನಿಮ್ಮ ತಾಯಿ ಭೀಮಮ್ಮನವರು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಗುರುತು ಹತ್ತಿತು, ಆದರೆ ಹತ್ತದವರಂತೆ ಸ್ವಲ್ಪ ಹೊತ್ತು ನೋಡಿದರು.

"ಅಕಿ ಇಲ್ಲಿಲ್ಲವ್ವ, ಕಂಪ್ಲ್ಯಾಗ ಅದಾಳ. ಕೆಲಸಕ್ಕ ಸೇರ್ಯಾಳ," ಎಂದರು. ಏನು ಕೆಲಸವೆಂದು ಕೇಳಿದೆ. ಅದನ್ನು ನೀನೇ ಹೇಳಬೇಕಂತೆ. ಆಮೇಲೆ, "ಚಾ ಕುಡೀತೀ ಏನು? ಇಲ್ಲಾ, ನಿಮ್ಮ ಮನ್ಯಾಗ ಬೈತಾರೋ?" ಎಂದರು.

ನಾನು ಕುಡಿದೆ. ಇದನ್ನು ನೀನು ತಿಳಿದಿರಬೇಕೆಂದು ಬರೆಯುತ್ತಿದ್ದೇನೆ. ಲೋಟ ಕೆಳಗಿಡುವವರೆಗೂ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಏನನ್ನು ಪರೀಕ್ಷಿಸುತ್ತಿದ್ದರೋ ನನಗೆ ಅರ್ಥವಾಗಲಿಲ್ಲ. ಇಂಥ ವಿಷಯಗಳನ್ನು ನಾನೆಂದೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ ಎಂಬುದು ನಿನಗೆ ಗೊತ್ತು.

ನಿನ್ನ ಕಂಪ್ಲಿಯ ವಿಳಾಸವನ್ನು ಕೇಳಿ ತಂದಿದ್ದೇನೆ. ಈ ಪತ್ರ ಅಲ್ಲಿಗೇ ಬರುತ್ತದೆ. ಮೊದಲಿನದು ಅವರು ಕಳುಹಿಸಿದ್ದರೆ ಈಗಾಗಲೇ ನಿನ್ನ ಕೈಯಲ್ಲಿದೆ. ಎರಡನೆಯ ಸಲ ಬೇಡುವ ಅಭ್ಯಾಸ ನನಗಿಲ್ಲ. ಆದರೂ ಬೇಡುತ್ತಿದ್ದೇನೆ. ನಿನ್ನಷ್ಟು ಅಚ್ಚುಕಟ್ಟಾಗಿ ಬೋರ್ಡು ಮಾಡುವವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಮಾಧವಿ

*

ಕಂಪ್ಲಿ
20 ನವೆಂಬರ್ 2024

ಮಾಧವಿ,

ಎರಡೂ ಪತ್ರಗಳು ಬಂದಿವೆ.

ನಾನು ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಕೆಲಸ ಹೊಸಪೇಟೆಯ ಒಬ್ಬ ಡೀಲರ್ ಬಳಿ. ನಿಮ್ಮ ಅಣ್ಣ ತಂದ ಪುಸ್ತಿಕೆ ಆ ಡೀಲರ್ ಅಂಗಡಿಯದೇ. ಕಂಪನಿಯ ಪೆಟ್ಟಿಗೆಗಳನ್ನು ಮನೆ ಮನೆಗೆ ಹೋಗಿ ಕೂರಿಸುವುದು ನನ್ನ ಕೆಲಸ. ನೀನು ಬರೆದ ಕೊರತೆಗಳೆಲ್ಲ ನಿಜ. ಇನ್ನೂ ನಾಲ್ಕನ್ನು ನಾನು ಸೇರಿಸಬಲ್ಲೆ.

ಆದರೆ ನಮ್ಮದನ್ನು ನಿಮ್ಮ ಮನೆಗೆ ಹಾಕಬೇಡ. ಬೇರೆ ಎಲ್ಲಿಗೆ ಬೇಕಾದರೂ ಒಯ್ಯಿ, ನನ್ನ ಅಡ್ಡಿಯಿಲ್ಲ. ಆ ಮನೆಗೆ ಬೇಡ. ಕಾರಣ ಕೇಳಬೇಡ. ನಿಮ್ಮ ತಂದೆಯವರು ಕಂಪನಿಯದನ್ನೇ ಒಪ್ಪುತ್ತಾರೆ, ನೋಡು.

ತುಳಸಿ

*

ಹೊಸಪೇಟೆ
2 ಡಿಸೆಂಬರ್ 2024

ತುಳಸಿ,

ನಿನ್ನ ಭವಿಷ್ಯವಾಣಿ ಫಲಿಸಿತು. ಸಂತೋಷಪಡು.

ನಿನ್ನೆ ಪ್ಲಾಸ್ಟರಿಲ್ಲದ ಹಾಲಿನಲ್ಲಿ, ಸಿಮೆಂಟಿನ ಚೀಲಗಳ ಮೇಲೆ ಜಮಖಾನೆ ಹಾಸಿ ನಮ್ಮ ಮನೆಯವರು ಕುಳಿತರು. ನಾನು ನಕ್ಷೆಯನ್ನು ಗೋಡೆಗೆ ಅಂಟಿಸಿ, ತರಗತಿಯಲ್ಲಿ ಪಾಠ ಮಾಡುವಂತೆ ವಿವರಿಸಿದೆ. ಕಂಪನಿ ಬಾಗಿಲು ಮುಚ್ಚಿದರೆ ಅವರ ಪೆಟ್ಟಿಗೆ ಏನಾಗುತ್ತದೆ, ನಮ್ಮದು ಏಕೆ ಆಗುವುದಿಲ್ಲ. ಮನೆಯವರು ಎದ್ದ ಹೊತ್ತು, ಮಲಗಿದ ಹೊತ್ತು, ಮನೆ ಬಿಟ್ಟ ಹೊತ್ತು ಕಂಪನಿಯ ಸರ್ವರಿನಲ್ಲಿ ಏಕೆ ಕೂಡಬಾರದು. ಒಂದು ಸ್ವಿಚ್ಚು ಕೆಟ್ಟರೆ ಇದೇ ಊರಿನ ಅಂಗಡಿಯಲ್ಲಿ ಸಿಗುವ ಬಿಡಿಭಾಗದಿಂದ ಹೇಗೆ ರಿಪೇರಿ ಮಾಡಬಹುದು. ಅಪ್ಪ ನೀರಾವರಿ ಕಚೇರಿಯಲ್ಲಿ ಟೆಂಡರುಗಳನ್ನು ಓದಿ ಪಳಗಿದವರು. ಪ್ರತಿಯೊಂದು ಅಂಶಕ್ಕೂ ತಲೆದೂಗಿದರು. ಗೆದ್ದೆನೆಂದೇ ತಿಳಿದೆ.

ಅಣ್ಣ ಬಾಯಿ ಹಾಕಿದ. "ಇಕಿ ಗಂಡನ ಮನಿಗೆ ಹೋದ ಮ್ಯಾಲೆ ಇದು ಕೆಟ್ಟರ ಯಾರಿಗೆ ಫೋನ್ ಹಚ್ಚೋದು? ಬೀಗರಿಗೇನು?" ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಪೈಪಿನೊಳಗೆ ತಂತಿ ತೂರಿಸುತ್ತಿದ್ದ ಹುಲಿಗೇಶ ಕೂಡ ನಕ್ಕ.

ಅತ್ತೆ ನಗಲಿಲ್ಲ. "ಇದನ್ನ ಯಾರ ಕೈಲೆ ಮಾಡಸ್ತೀ?" ಎಂದು ಕೇಳಿದರು. ನಾನೂ ತುಳಸಿಯೂ ಮಾಡುತ್ತೇವೆ, ಮೊದಲಿನದನ್ನು ಮಾಡಿದಂತೆ, ಎಂದೆ. ಅತ್ತೆ ಅಪ್ಪನ ಮುಖ ನೋಡಿದರು. ಅಪ್ಪ ಪುಸ್ತಿಕೆಯನ್ನು ಕೈಗೆತ್ತಿಕೊಂಡು ಹೇಳಿದರು: "ಪ್ಯಾಕ್ ಆಗಿ ಬಂದದ್ದ ಇರ್ಲಿ, ಮಾಧವಿ. ಅದಕ್ಕಾದ್ರ ಯಾರೂ ಏನೂ ಕೇಳಂಗಿಲ್ಲ."

ವಾರಂಟಿಯ ಮಾತೆಂದು ನಾನು ಮತ್ತೆ ವಾದಿಸಿದೆ. ಅವರು ಎದ್ದು ಹೋದರು. ವಿಶ್ವವಿದ್ಯಾಲಯ ಚಿನ್ನದ ಪದಕ ಕೊಟ್ಟ ಮಗಳಿಗಿಂತ ಬಣ್ಣದ ಪುಸ್ತಿಕೆಯ ಮೇಲೆ ಹೆಚ್ಚು ನಂಬಿಕೆ. ನನ್ನ ಕೈಕೆಲಸ ಈ ಗೋಡೆಗಳ ಒಳಗೆ ಇರಲಿ ಎಂದಷ್ಟೇ ನಾನು ಕೇಳಿದ್ದು.

ಆದರೆ ಅಪ್ಪನಿಗಿಂತ ನಿನ್ನ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಅವರಿಗೆ ತಿಳಿಯದು, ನಿನಗೆ ತಿಳಿದಿದೆ. ಬಿಚ್ಚಲಾಗದ ಪೆಟ್ಟಿಗೆ ಎಂಥ ಮೋಸವೆಂದು ಪ್ರಾಜೆಕ್ಟು ವರದಿಯ ಮೊದಲ ಅಧ್ಯಾಯದಲ್ಲಿ ಬರೆದವಳು ನೀನು. ಈಗ ಅದನ್ನೇ ಗೋಡೆಗೆ ತಗುಲಿಸಿ ಸಂಬಳ ಎಣಿಸುತ್ತಿದ್ದೀಯೆ. ಒಂದು ವೈವಾದ ಮುನಿಸಿಗೆ ಇಷ್ಟು ದೂರ ಹೋಗಬೇಕಿತ್ತೆ? ತಪ್ಪು ತೋರಿಸಿದವರನ್ನು ಬಿಟ್ಟು, ತಪ್ಪು ತೋರಿಸದವರ ಬಳಿ ಕೆಲಸಕ್ಕೆ ಸೇರುವುದು ಸುಲಭ.

ಮಾಧವಿ

*

ಸಂಡೂರು
5 ಜನವರಿ 2025

ಮಾಧವಿ,

ನಿನ್ನ ಪತ್ರ ಕಂಪ್ಲಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದಿತು. ಗಣಿಯವರೊಬ್ಬರ ಬಂಗಲೆಯಲ್ಲಿ ಪರದೆಗಳಿಗೆ ಮೋಟಾರು ಕೂರಿಸುತ್ತಿದ್ದೇವೆ. ಕೆಂಪು ಧೂಳು ಸೆನ್ಸರ್‌ನೊಳಗೆ ಹೊಕ್ಕು, ಯಾರೂ ಇಲ್ಲದಾಗ ಪರದೆಗಳು ತಾವೇ ತೆರೆದುಕೊಳ್ಳುತ್ತವೆ. ಒಳಗೆ ಧೂಳು ತಡೆಯುವ ಒಂದು ತಗಡು ಅಡ್ಡ ಇಟ್ಟರೆ ಸರಿಹೋಗುತ್ತದೆ. ನಾನು ಬಿಚ್ಚುವಂತಿಲ್ಲ. ಮಾಡಬಲ್ಲವಳು ನಾನು, ನೇತುಹಾಕುವ ಅಪ್ಪಣೆ ಮಾತ್ರ ಇದೆ. ನೀನು ಬೈದದ್ದರಲ್ಲಿ ಅಷ್ಟು ಸರಿ.

ಇನ್ನು ಉಳಿದದ್ದು. ಹೇಳಬಾರದೆಂದು ಇದ್ದೆ. ನೀನು ನಿನ್ನ ಪದಕವನ್ನು ನನ್ನ ಮುಂದೆ ಹಿಡಿದಿರುವುದರಿಂದ ಹೇಳುತ್ತೇನೆ.

ಆ ಪೆಟ್ಟಿಗೆ ನಿಮ್ಮ ಹಿತ್ತಲ ಬಾಗಿಲಿನ ಹೊರಗಿದ್ದಷ್ಟು ದಿನ ಕೆಲಸ ಮಾಡಿತು. ವೈವಾಕ್ಕೆ ಮೊದಲು ನೀನು ಅದನ್ನು ಅಡುಗೆಮನೆಯೊಳಗೆ, ದೇವರ ಗೂಡಿನ ಪಕ್ಕಕ್ಕೆ ತಂದೆ. ಫೋಟೋ ಚೆನ್ನಾಗಿ ಬರುತ್ತದೆ ಎಂದೆ. ನೀನು ವರದಿಗೆ ಬೈಂಡಿಂಗ್ ಮಾಡಿಸಲು ಬಳ್ಳಾರಿಗೆ ಹೋಗಿದ್ದ ದಿನ, ಪೆಟ್ಟಿಗೆಯನ್ನು ಕಾಲೇಜಿಗೆ ಒಯ್ಯಲು ನಾನು ನಿಮ್ಮ ಮನೆಗೆ ಬಂದೆ. ಅದು ಹಿತ್ತಲಿನಲ್ಲಿ, ತೊಳೆದ ಪಾತ್ರೆಗಳ ಜೊತೆ ಬೋರಲು ಹಾಕಿತ್ತು. ಮೂಲೆಯಿಂದ ನೀರು ಸೋರುತ್ತಿತ್ತು.

ನಿನ್ನ ಅತ್ತೆ ಮುಚ್ಚಿಡಲಿಲ್ಲ. ಸಿಟ್ಟೂ ಇರಲಿಲ್ಲ. "ತಪ್ಪು ತಿಳ್ಕೋಬ್ಯಾಡವ್ವ," ಎಂದರು. "ಅಂಗಡೀದಾದ್ರ ಅಡ್ಡಿ ಇಲ್ಲ. ಇದು ಕೈಲೆ ಮಾಡಿದ್ದು ನೋಡು. ಒಳಗ ಬರಬೇಕಾದ್ರ ತೊಳದ ಬರಬೇಕು." ನಿಮ್ಮ ಮಿಕ್ಸರ್ ಅಲ್ಲಿಯೇ ಇತ್ತು, ಗ್ರೈಂಡರ್ ಇತ್ತು. ಅವುಗಳನ್ನು ಯಾವ ಊರಿನ ಯಾರ ಕೈ ಮಾಡಿತೋ ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಅವು ಶುದ್ಧ. ನನ್ನ ಕೈ ಅವರಿಗೆ ಗೊತ್ತಿತ್ತು. ನಿಮ್ಮ ತಂದೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, ಒಳಗೆ ಹೋದರು.

ಬೋರ್ಡನ್ನು ಬಿಸಿಲಿಗೆ ಒಣಗಿಸಿದೆ. ಬದುಕಲಿಲ್ಲ. ನೀನು ಪರೀಕ್ಷಕರಿಗೆ ತೋರಿಸಿದ ಬಿಳಿಯ ಪೊರೆ ಸೋಲ್ಡರ್ ಪೇಸ್ಟಲ್ಲ, ನಿಮ್ಮ ಬೋರ್‌ವೆಲ್ ನೀರಿನ ಉಪ್ಪು. ಬೆರಳಿಂದ ಒರೆಸಿ ನೋಡಿದ್ದರೆ ತಿಳಿಯುತ್ತಿತ್ತು. ನೀನು ನೋಡಲಿಲ್ಲ, ಹೇಳಿದೆ. ನಾನು ಏಕೆ ಬಾಯಿ ಬಿಡಲಿಲ್ಲವೆಂದರೆ, ನೀರು ಬಿತ್ತು ಎಂದರೆ ಯಾರು ಹಾಕಿದರು ಎನ್ನುತ್ತಾರೆ, ಏಕೆ ಎನ್ನುತ್ತಾರೆ. ಅಷ್ಟು ಮಂದಿಯ ಮುಂದೆ ಅದನ್ನು ನನ್ನ ಬಾಯಿಂದ ಹೇಳುವುದಕ್ಕಿಂತ ಸೋಲ್ಡರಿಂಗ್ ಬಾರದವಳು ಅನ್ನಿಸಿಕೊಳ್ಳುವುದು ಮೇಲೆನಿಸಿತು. ಪ್ರಾಜೆಕ್ಟಿನ ಅಂಕದಲ್ಲಿ ನಿನಗಿಂತ ಹಿಂದೆ ಬಿದ್ದೆ. ಅದೊಂದರಲ್ಲಿ ಮಾತ್ರ.

ನನಗೆ ಜಗಲಿಯ ಗಾಳಿ ಇಷ್ಟವಿರಲಿಲ್ಲ, ಮಾಧವಿ. ನನ್ನನ್ನು ಒಳಗೆ ಕರೆದಿರಲಿಲ್ಲ.

ನಿಮ್ಮ ಮನೆಯ ಕೆಲಸ ನನ್ನ ಪಾಲಿಗೇ ಬಂದಿದೆ. ಬರುತ್ತೇನೆ. ಕಂಪನಿಯ ಟೀಶರ್ಟು, ಟೋಪಿ, ಕೊರಳಲ್ಲಿ ಕಾರ್ಡು ಇರುತ್ತದೆ. ಯಾರೂ ಏನೂ ಕೇಳುವುದಿಲ್ಲ.

ತುಳಸಿ

*

ಹೊಸಪೇಟೆ
11 ಜನವರಿ 2025

ಪ್ರಿಯ ತುಳಸಿ,

ಮೊದಲು ನಾನು ನಂಬಲಿಲ್ಲ. ಸೋತವರು ಕಾರಣಗಳನ್ನು ಕಟ್ಟಿಕೊಳ್ಳುತ್ತಾರೆ ಎಂದುಕೊಂಡೆ. ಈ ವಾಕ್ಯವನ್ನು ಅಳಿಸದೆ ಬಿಟ್ಟಿದ್ದೇನೆ.

ಅತ್ತೆಯನ್ನು ಕೇಳಿದೆ. ಹತ್ತಿಯ ಬತ್ತಿ ಹೊಸೆಯುತ್ತಿದ್ದರು, ಕೈ ನಿಲ್ಲಲಿಲ್ಲ. "ಹೌದು, ತೊಳದೆ. ಅದಕ್ಕ ನೀರು ಆಗಂಗಿಲ್ಲ ಅಂತ ನನಗೇನ ಗೊತ್ತು? ನೀನರೆ ಹೇಳಬೇಕಿತ್ತು," ಎಂದರು. ಅವರ ದೃಷ್ಟಿಯಲ್ಲಿ ತಪ್ಪು ನನ್ನದು, ಅದೂ ನೀರಿನ ವಿಷಯದಲ್ಲಿ ಮಾತ್ರ.

ಅಪ್ಪನನ್ನು ಕಚೇರಿಯಿಂದ ಬಂದೊಡನೆ ಕೇಳಿದೆ. ಅವರು ಬೂಟು ಬಿಚ್ಚಿ, ಕಾಲು ತೊಳೆದು, ಟವೆಲಿನಿಂದ ಒರೆಸಿಕೊಂಡರು. ಆಮೇಲೆ, "ಆ ಹುಡುಗೀನ ಸುಮ್ಮನಿದ್ಲು, ನಾ ಯಾಕ ಬಾಯಿ ಬಿಡ್ಲಿ? ಪದಕ ನಮ್ಮ ಮನಿಗೆ ಬರೋದಿತ್ತು," ಎಂದರು. ನನಗೆ ಹೇಳಬಹುದಿತ್ತಲ್ಲ ಎಂದೆ. "ಹೇಳಿದ್ರ ನೀ ಏನ ಮಾಡ್ತಿದ್ದಿ?" ಎಂದು ಕೇಳಿದರು. ಸತ್ಯವನ್ನೇ ಹೇಳುತ್ತಿದ್ದೆ ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಕರುಣೆಯಿಂದ ನೋಡಿದರು.

ನಾನು ಅಂಕಗಳನ್ನು ಕೂಡಿ ಕಳೆದು ನೋಡಿದ್ದೇನೆ. ವೈವಾದಲ್ಲಿ ನಮ್ಮಿಬ್ಬರಿಗೂ ಸಮನಾಗಿ ಬಂದಿದ್ದರೆ ಪದಕ ನಿನ್ನದು. ಇದನ್ನು ನೀನೂ ಲೆಕ್ಕ ಹಾಕಿಯೇ ಇರುತ್ತೀಯೆ. ಪತ್ರದಲ್ಲಿ ಬರೆಯಲಿಲ್ಲ, ಅಷ್ಟೆ.

ನಾನು ಮಾಡಬೇಕಾದದ್ದು ನನಗೆ ಸ್ಪಷ್ಟವಾಗಿದೆ. ವಿಭಾಗದ ಮುಖ್ಯಸ್ಥರಿಗೂ ವಿಶ್ವವಿದ್ಯಾಲಯಕ್ಕೂ ನಡೆದುದನ್ನು ನನ್ನ ಸಹಿಯೊಂದಿಗೆ ಬರೆಯುತ್ತೇನೆ. ಕಂಪನಿಯ ಆರ್ಡರನ್ನು ರದ್ದುಮಾಡಿಸಿ, ನಮ್ಮ ಪೆಟ್ಟಿಗೆಯನ್ನೇ ಆ ಅಡುಗೆಮನೆಯೊಳಗೆ ನಿನ್ನ ಕೈಯಿಂದಲೇ ಕೂರಿಸುತ್ತೇನೆ. ಅತ್ತೆ ಅದರ ಎದುರಿಗೆ ಕೈ ಬೀಸಬೇಕು. ಇದು ನನ್ನ ಮಾತು. ನಾನು ಮಾತು ಕೊಟ್ಟು ತಪ್ಪಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ನಿನ್ನ,
ಮಾಧವಿ

*

ಕಂಪ್ಲಿ
9 ಫೆಬ್ರುವರಿ 2025

ಮಾಧವಿ,

ಆರ್ಡರು ರದ್ದಾಗಲಿಲ್ಲ. ನಿಮ್ಮ ಮನೆಯ ಕೆಲಸ ನಿನ್ನೆ ಮುಗಿಸಿದೆ.

ಹೊಸ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ, ಕೆಲಸ ನೋಡಲು ಬಂದಿದ್ದ ನಿನ್ನ ಅತ್ತೆ, "ಕಂಪನಿಯವರ ಏನವ್ವ? ಬಾ ಒಳಗ," ಎಂದರು. ನನ್ನ ಗುರುತು ಸಿಗಲಿಲ್ಲ, ಅಥವಾ ಕಾರ್ಡಿನ ಗುರುತು ಸಾಕೆನಿಸಿತು. ದೇವರ ಗೂಡಿನ ಪಕ್ಕ ಮೊಣಕಾಲೂರಿ, ಕೈ ಬೀಸುವ ಸೆನ್ಸರ್ ಕೂರಿಸಿದೆ. ಕಂಪನಿಯೂ ಈಗ ಅದನ್ನು ಮಾಡುತ್ತದೆ, ನಮ್ಮದರಷ್ಟು ಚುರುಕಿಲ್ಲ. ನನ್ನೆದುರೇ ಅವರು ಕೈ ಬೀಸಿದರು. ನೀರು ಬಂತು. ಯಾರೂ ಏನನ್ನೂ ತೊಳೆಯಲಿಲ್ಲ.

ನೀನು ಮಹಡಿಯ ಮೇಲಿದ್ದೆ. ನಿನ್ನ ಚಪ್ಪಲಿ ಕೆಳಗಿದ್ದವು.

ನಿಮ್ಮ ಮನೆಯವರ ಜೊತೆ ನೀನು ಜಗಳ ಆಡುವುದು ನನಗೆ ಬೇಕಿಲ್ಲ. ಪದಕವೂ ಬೇಕಿಲ್ಲ, ಇಟ್ಟುಕೋ. ಒಂದು ಬೇಕು. ಕಂಪನಿಯ ವಿನ್ಯಾಸ ವಿಭಾಗಕ್ಕೆ, ಡೀಲರುಗಳ ಬಳಿ ಇರುವವರೂ ಸೇರಿದಂತೆ, ಒಳಗಿನವರಿಂದಲೇ ಅರ್ಜಿ ಕರೆದಿದ್ದಾರೆ. ಪೆಟ್ಟಿಗೆ ನೇತುಹಾಕುವ ಕೆಲಸದಿಂದ ಪೆಟ್ಟಿಗೆ ಮಾಡುವ ಕೆಲಸಕ್ಕೆ ಹೋಗುವ ದಾರಿ ಅದೊಂದೇ. ಹೋದ ವರ್ಷ ಪ್ರಾಜೆಕ್ಟಿನ ಅಂಕ ನೋಡಿಯೇ ನನ್ನನ್ನು ಕೈಬಿಟ್ಟರು. ಪರೀಕ್ಷಕರ ವರದಿಯಲ್ಲಿ 'ಸೋಲ್ಡರಿಂಗ್ ದೋಷ' ಎಂದು ಬರೆದಿದೆ. ದೋಷ ನನ್ನದಲ್ಲ ಎಂದು ನೀನು ನಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರಿಗೆ ಬರೆದರೆ, ಅವರು ನನಗೆ ಒಂದು ಪತ್ರ ಕೊಡುತ್ತಾರೆ. ಕೇಳಿಕೊಂಡು ಬಂದಿದ್ದೇನೆ. ನೀರು ಬಿತ್ತು ಎಂದಷ್ಟೇ ಬರೆ. ಯಾರು ಹಾಕಿದರು ಎಂದು ಬರೆಯಬೇಡ. ಮಾರ್ಚ್ ಮುಗಿಯುವುದರೊಳಗೆ.

ತುಳಸಿ

*

ಹೊಸಪೇಟೆ
28 ಮಾರ್ಚ್ 2025

ಪ್ರಿಯ ತುಳಸಿ,

ಉತ್ತರ ತಡವಾಯಿತು. ಗೃಹಪ್ರವೇಶದ ಗಡಿಬಿಡಿ, ಆಮೇಲೆ ಸಂಡೂರಿನ ಕಾಲೇಜಿನ ಸಂದರ್ಶನ. ಅಲ್ಲಿ ಸಹಾಯಕ ಪ್ರಾಧ್ಯಾಪಕರ ಒಂದೇ ಹುದ್ದೆ ಖಾಲಿಯಿತ್ತು. ಪದಕ ಪಡೆದವರಿಗೆ ಆದ್ಯತೆಯೆಂದು ಪ್ರಕಟಣೆಯಲ್ಲಿಯೇ ಇತ್ತು. ನನ್ನ ಹೆಸರು ಆಯ್ಕೆಯಾಗಿದೆ. ಆದೇಶ ಇನ್ನೂ ಕೈಗೆ ಬಂದಿಲ್ಲ.

ನೀನು ಕೇಳಿದ ಪತ್ರವನ್ನು ನಾನು ಬರೆಯಲಿಲ್ಲವೆಂದು ತಿಳಿಯಬೇಡ. ಬರೆದೆ. ಎರಡು ಬಗೆಯಾಗಿ ಬರೆದೆ. ನೀರು ಬಿತ್ತು ಎಂದಷ್ಟೇ ಬರೆದರೆ, ವೈವಾದಲ್ಲಿ ಅದನ್ನು ಏಕೆ ಹೇಳಲಿಲ್ಲವೆಂಬ ಪ್ರಶ್ನೆ ಹುಟ್ಟುತ್ತದೆ. ಆಗ ಗೊತ್ತಿರಲಿಲ್ಲವೆಂದರೆ, ಗೊತ್ತಿಲ್ಲದೆ ದೋಷವನ್ನು ಹೇಗೆ ನಿರ್ಧರಿಸಿದೆ ಎನ್ನುತ್ತಾರೆ. ಪೂರ್ತಿ ಬರೆದರೆ ಅತ್ತೆಯ ಹೆಸರು ಬರುತ್ತದೆ. ಈ ವಯಸ್ಸಿನಲ್ಲಿ ಅವರನ್ನು ಕಟಕಟೆಗೆ ಹತ್ತಿಸುವುದು ನ್ಯಾಯವೇ ಎಂದು ಅಪ್ಪ ಕೇಳುತ್ತಾರೆ. ನೀನೇ ಅವರ ಹೆಸರು ಬೇಡವೆಂದು ಬರೆದಿದ್ದೀಯೆ. ನಿನ್ನ ಔದಾರ್ಯಕ್ಕೆ ನಾನು ಋಣಿ.

ಆದೇಶ ಬಂದು, ಹುದ್ದೆ ಖಾಯಂ ಆದ ಮೇಲೆ, ನಾನು ನಿಶ್ಚಿಂತಳಾಗಿ, ಯಾವುದನ್ನೂ ಬಿಡದೆ ಬರೆಯಬಲ್ಲೆ. ಆಗ ನನ್ನ ಮಾತಿಗೆ ತೂಕವೂ ಹೆಚ್ಚಿರುತ್ತದೆ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ನಿಮ್ಮಲ್ಲಿ ಅರ್ಜಿ ಮತ್ತೆ ಕರೆಯುತ್ತಾರಷ್ಟೆ? ನಿನ್ನ ಕೌಶಲದ ಬಗ್ಗೆ ಸಾಮಾನ್ಯವಾಗಿ ಪ್ರಶಂಸಿಸುವ ಒಂದು ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದರಲ್ಲಿ ವೈವಾದ ಪ್ರಸ್ತಾಪವಿಲ್ಲ.

ನೀನು ಬಂದ ದಿನ ನಾನು ಕೆಳಗಿಳಿಯಬೇಕೆಂದೇ ಎದ್ದಿದ್ದೆ. ಮೆಟ್ಟಿಲ ತಿರುವಿನಲ್ಲಿ ಅತ್ತೆ ನಿನ್ನನ್ನು ಒಳಗೆ ಕರೆಯುವುದು ಕೇಳಿಸಿತು. ಅಲ್ಲಿಯೇ ನಿಂತೆ. ನಾನು ನಿನ್ನ ಹೆಸರು ಹಿಡಿದು ಕರೆದರೆ ನಿನ್ನ ಗುರುತು ಸಿಕ್ಕಿಬಿಡುತ್ತದೆ ಎನಿಸಿತು. ನಿನ್ನ ಒಳಿತಿಗೇ ಎಂದು ಆಗ ಅಂದುಕೊಂಡೆ.

ನೀನು ಅರ್ಥಮಾಡಿಕೊಳ್ಳುತ್ತೀಯೆ. ಯಾವಾಗಲೂ ಮಾಡಿಕೊಂಡಿದ್ದೀಯೆ.

ನಿನ್ನ,
ಮಾಧವಿ

*

ಹೊಸಪೇಟೆ
18 ಜೂನ್ 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ.

ಮಾನ್ಯರೇ,

ನಮ್ಮ ತಂದೆ ಶೀನಪ್ಪನವರ ಮನೆಯಲ್ಲಿ ತಮ್ಮ ಸಂಸ್ಥೆಯವರು ಅಳವಡಿಸಿರುವ ವ್ಯವಸ್ಥೆಯ ಮೊದಲ ತಪಾಸಣೆಗೆ ಮುಂದಿನ ವಾರ ತುಳಸಿ ಎಂಬ ತಂತ್ರಜ್ಞರು ಬರುವರೆಂದು ಫೋನಿಗೆ ಸೂಚನೆ ಬಂದಿದೆ. ಅವರ ಕೆಲಸದ ಬಗ್ಗೆ ನಮ್ಮ ಆಕ್ಷೇಪಣೆ ಯಾವುದೂ ಇಲ್ಲ. ಅಳವಡಿಸಿದ ದಿನದಿಂದ ಈವರೆಗೆ ಎಲ್ಲವೂ ದೋಷರಹಿತವಾಗಿ ನಡೆಯುತ್ತಿದೆ.

ಆದರೆ ನಮ್ಮ ಮನೆಯಲ್ಲಿ ಹಿರಿಯರಿದ್ದು, ಅಡುಗೆಮನೆಯಲ್ಲಿ ಮಡಿಯ ಕಟ್ಟುನಿಟ್ಟು ಇರುವುದರಿಂದ, ಈ ಸಲವೂ ಮುಂದೆಯೂ ಅವರ ಬದಲಾಗಿ ಬೇರೆ ಯಾರನ್ನಾದರೂ ಕಳುಹಿಸಬೇಕಾಗಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮಾಧವಿ
ಸಹಾಯಕ ಪ್ರಾಧ್ಯಾಪಕಿ, ಎಲೆಕ್ಟ್ರಾನಿಕ್ಸ್ ವಿಭಾಗ